ಹಿಮ ಹೊಡೆದ ಮದ್ದು

ಹುಲ್ಲಿನ ಮೇಲೆ ಬೆಳ್ಳಗೆ ಹಿಮ ಕೂತದ್ದನ್ನು ಕಂಡರೆ ಜನ ಓಡಿಹೋಗಿ ಫೋಟೊ ತೆಗೆಯುತ್ತಾರೆ. ನನಗೆ ಸಿಟ್ಟು ಬರುತ್ತದೆ. ಈ ಜನವರಿಯಲ್ಲಿ ಸೋದರಮಾವನ ಮೊಮ್ಮಗಳ ಮದುವೆಗೆಂದು ಕೋತಗಿರಿಗೆ ಹೋಗಿದ್ದೆ. ಬೆಳಿಗ್ಗೆ ಎದ್ದು ಛತ್ರದ ಹಿಂದಿನ ತಗ್ಗಿಗೆ ಇಳಿದರೆ, ಗಂಡಿನ ಕಡೆಯ ಹುಡುಗರು ಕಾರಿನ ಮೇಲಿನ ಹಿಮ ಕೆರೆದು ಒಬ್ಬರ ಕುತ್ತಿಗೆಗೊಬ್ಬರು ಸುರಿದು ನಗುತ್ತಿದ್ದರು. ಬಿಸಿಲು ಏರುತ್ತಿದ್ದಂತೆ ಪಕ್ಕದ ತೋಟದಿಂದ ಹಿಮಕ್ಕೆ ಸುಟ್ಟ ಟೀ ಎಲೆಯ ವಾಸನೆ ಬಂತು. ಒಣಹುಲ್ಲನ್ನು ನೀರಲ್ಲಿ ನೆನೆಸಿಟ್ಟಂಥ ಸ್ವಲ್ಪ ಕಹಿ ವಾಸನೆ ಅದು. ವಯಸ್ಸಾದಂತೆ ಮನಸ್ಸು ಮೆತ್ತಗಾಗುತ್ತದೆ ಅನ್ನುತ್ತಾರೆ. ಹಿಮದ ವಿಷಯದಲ್ಲಿ ನನ್ನದು ಆಗಿಲ್ಲ. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ತೊಂಬತ್ತರ ದಶಕದ ಕೊನೆಯ ಆ ಚಳಿಗಾಲ ಪೂರ್ತಿ ಎದುರಿಗೆ ಬಂದು ನಿಂತಿತು.

ನಾನು ಗುಂಡ್ಲುಪೇಟೆಯವಳು. ಮೈಸೂರಿನಲ್ಲಿ ನರ್ಸಿಂಗ್ ಮುಗಿಸಿ ಕೆಲಸ ಹುಡುಕುತ್ತಿದ್ದಾಗ, ಕೋತಗಿರಿಯಲ್ಲಿ ದಿನಸಿ ಅಂಗಡಿ ಇಟ್ಟಿದ್ದ ಸೋದರಮಾವ ಅಲ್ಲಿನ ಒಂದು ಸಣ್ಣ ಧರ್ಮಾಸ್ಪತ್ರೆಯಲ್ಲಿ ಜಾಗ ಖಾಲಿಯಿದೆ ಎಂದು ಹೇಳಿಕಳಿಸಿದರು. ಆಸ್ಪತ್ರೆಯ ಒಳಗಿನ ಕೆಲಸ ಕಡಿಮೆ, ಸುತ್ತಿನ ಹಟ್ಟಿಗಳಿಗೆ ಹೋಗುವ ಕೆಲಸ ಜಾಸ್ತಿ. ಹಟ್ಟಿ ಅಂದರೆ ಆ ಬೆಟ್ಟದ ರೈತಾಪಿ ಜನರಾದ ಬಡಗರ ಊರು. ಬೆಟ್ಟದ ಇಳಿಜಾರಿನಲ್ಲಿ ಒಂದಕ್ಕೊಂದು ಗೋಡೆ ಹಂಚಿಕೊಂಡ ಮನೆಗಳ ಸಾಲು, ಸಾಲಿನ ಮುಂದೆ ಎಲ್ಲರಿಗೂ ಸೇರಿದ ಉದ್ದನೆಯ ಅಂಗಳ, ಕೆಳಗೆ ಟೀ, ಅದರ ಕೆಳಗಿನ ತಗ್ಗಿನಲ್ಲಿ ಕ್ಯಾರೆಟ್ಟು, ಕೋಸು, ಆಲೂಗಡ್ಡೆ. ನನ್ನ ತಮಿಳು ದೇವರಿಗೇ ಪ್ರೀತಿ. ಆದರೆ ಅವರ ಮಾತಿಗೂ ನನ್ನ ಕನ್ನಡಕ್ಕೂ ಅಕ್ಕತಂಗಿಯರ ಹೋಲಿಕೆ ಇದ್ದದ್ದರಿಂದ ಬಚಾವಾದೆ. ನಾನು ಬಾಯಿಬಿಟ್ಟರೆ, ಪುಸ್ತಕ ಓದುವ ಹಾಗೆ ಮಾತಾಡುತ್ತಾಳೆ ಎಂದು ಹೆಂಗಸರು ಸೆರಗಿನ ಮರೆಯಲ್ಲಿ ನಗುತ್ತಿದ್ದರು. ಅವರ ಮಾತನ್ನು ಇಲ್ಲಿ ನನ್ನ ಕಿವಿಯಲ್ಲಿ ಉಳಿದಂತೆ ಬರೆಯುತ್ತಿದ್ದೇನೆ, ತಪ್ಪಿದ್ದರೆ ಬಲ್ಲವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಕೂಕಲ್ತೊರೈ ದಾಟಿ ಒಳಗೆ ಹೋದರೆ ಸಿಗುವ ಒಂದು ಹಟ್ಟಿಗೆ ನಾನು ಮೊದಲ ಸಲ ಹೋದದ್ದು ಮಳೆಗಾಲದಲ್ಲಿ. ಹಿಂದಿನ ನರ್ಸ್ ಮದುವೆಯಾಗಿ ಊರು ಬಿಟ್ಟಿದ್ದರು. ಹೋಗುವ ಮುಂಚೆ ನನಗೆ ಒಂದು ಮಾತು ಹೇಳಿದ್ದರು, ಆ ಹಟ್ಟಿಯ ಮೇಲಿನ ಸಾಲಿಗೆ ಹೋಗುವುದು ದಂಡ, ಬಾಗಿಲು ತೆಗೆಯುವುದಿಲ್ಲ ಅಂತ. ಅದು ನಿಜವಾಗಿತ್ತು. ಕೆಳಗಿನ ಸಾಲಿನ ತಾಯಂದಿರು ಮಕ್ಕಳನ್ನು ಕರೆತಂದು ಲಸಿಕೆ ಹಾಕಿಸಿಕೊಂಡರು. ಮೇಲಿನ ಸಾಲಿನಲ್ಲಿ ಮಾದಿ ಹೆತ್ತೆ ಬಾಗಿಲಲ್ಲಿ ನಿಂತು ಬೇಡ ಅಂದಳು, ಅವಳ ಮಾತಿಗೆ ಸಾಲಿನ ಎಲ್ಲ ಬಾಗಿಲುಗಳೂ ಮುಚ್ಚಿದವು. ಹೆತ್ತೆ ಅಂದರೆ ಅಜ್ಜಿ. ಬಿಳಿ ಮುಂಡು ಸುತ್ತಿ, ತಲೆಗೆ ಬಿಳಿ ಬಟ್ಟೆ ಕಟ್ಟಿದ, ನೆಟ್ಟಗೆ ನಿಲ್ಲುವ ಹೆಂಗಸು. ಹೆರಿಗೆ, ಬಾಣಂತನ, ಎಳೆಗೂಸಿನ ಹೊಟ್ಟೆನೋವು ಎಲ್ಲದಕ್ಕೂ ಹಟ್ಟಿಯ ಹೆಂಗಸರು ಅವಳನ್ನೇ ಕೇಳುತ್ತಿದ್ದರು. ಅವಳ ತವರಾದ ಪಕ್ಕದ ಹಟ್ಟಿಯಲ್ಲೂ ಅವಳ ಮಾತಿಗೆ ಅಷ್ಟೇ ಬೆಲೆ.

ಕಾರಣ ಹೇಳಿದವರು ಬೋಜಣ್ಣ. ಸೈನ್ಯದಿಂದ ನಿವೃತ್ತರಾಗಿ ಬಂದು ಸ್ವಲ್ಪ ಟೀ, ಸ್ವಲ್ಪ ಆಲೂಗಡ್ಡೆ ಬೆಳೆಯುತ್ತಿದ್ದರು. ಆ ಹಟ್ಟಿಯಲ್ಲಿ ನನ್ನ ಕಡೆಯ ಒಬ್ಬನೇ ಗಂಡಸು. ಮಾದಿ ಹೆತ್ತೆಯ ಮೊದಲ ಮೊಮ್ಮಗುವಿಗೆ ಹಿಂದಿನ ಮಳೆಗಾಲದಲ್ಲಿ ಮೊದಲ ಚುಚ್ಚುಮದ್ದು ಹಾಕಿಸಿದ್ದರಂತೆ. ಅದಾದ ಕೆಲವೇ ದಿನಕ್ಕೆ ಕೂಸಿಗೆ ಕೆಮ್ಮು ಹತ್ತಿತು. ಅದು ನಾಯಿಕೆಮ್ಮು. ಒಂದರ ಹಿಂದೊಂದು ಕೆಮ್ಮು ಬಂದು, ಮುಖ ನೀಲಿಯಾಗಿ, ಎದೆಹಾಲೆಲ್ಲ ಕಕ್ಕಿ, ಕೊನೆಗೆ ಒಂದು ಮಧ್ಯಾಹ್ನ ಅಜ್ಜಿಯ ತೊಡೆಯ ಮೇಲೇ ಉಸಿರು ನಿಂತಿತು. ಆ ಮನೆಯಲ್ಲಿ ಆಮೇಲೆ ಯಾರೂ ಆ ಮಗುವಿನ ಮಾತೆತ್ತಲಿಲ್ಲ. ಸೂಜಿಯೇ ಕೂಸನ್ನು ಕೊಂದಿತು ಎಂದು ಅಜ್ಜಿ ಒಂದೇ ಒಂದು ಮಾತು ಹೇಳಿದಳು, ಅದು ಎರಡು ಹಟ್ಟಿಗೂ ಹಬ್ಬಿತು. ಈಗ ಸೊಸೆ ರಾಜಿ ಮತ್ತೆ ಬಸುರಿ.

ನಾನು ಪಟ್ಟು ಹಿಡಿದೆ. ಹಟಮಾರಿತನ ನನ್ನ ತಾಯಿಯ ಕಡೆಯಿಂದ ಬಂದ ಆಸ್ತಿ, ಬೇರೆ ಆಸ್ತಿಯೇನೂ ಬರಲಿಲ್ಲ. ಪ್ರತಿ ವಾರ ಕೆಳಗಿನ ಸಾಲಿನ ಕೆಲಸ ಮುಗಿಸಿ ಮೇಲಿನ ಸಾಲಿಗೆ ಹತ್ತುತ್ತಿದ್ದೆ. ಹೋದ ಪುಟ್ಟ, ಬಂದ ಪುಟ್ಟ. ಮಳೆಯಲ್ಲಿ ನಿಲ್ಲಿಸಲಾರದೆ ಒಳಗೆ ಕರೆಯುತ್ತಿದ್ದರು, ಹಾಲಿಲ್ಲದ ಕಪ್ಪು ಟೀ ಕೊಡುತ್ತಿದ್ದರು, ಮಾತು ಲಸಿಕೆಗೆ ತಿರುಗಿದೊಡನೆ ಹೆತ್ತೆ ಎದ್ದು ಒಲೆಯ ಕಡೆ ಹೋಗುತ್ತಿದ್ದಳು. ನಾನು ಅವಳ ಬೆನ್ನಿಗೇ ಹೇಳುತ್ತಿದ್ದೆ. ನಮ್ಮ ಮೈ ಸುಮ್ಮನೆ ಕೂತು ರೋಗ ತೆಗೆದುಕೊಳ್ಳುವುದಿಲ್ಲ. ರಕ್ತದಲ್ಲಿ ಕಾವಲಿನ ಕಣಗಳಿವೆ. ಅವು ಹೊಸ ಶತ್ರುವನ್ನು ಗುರುತು ಹಿಡಿದು, ಅದಕ್ಕೆ ತಕ್ಕ ಆಯುಧ ಮಾಡಿಕೊಂಡು ಹೊಡೆಯುತ್ತವೆ, ಮತ್ತು ಒಮ್ಮೆ ಗುರುತು ಹಿಡಿದದ್ದನ್ನು ನೆನಪಿಡುತ್ತವೆ. ಆದರೆ ಮೊದಲ ಸಲ ಆ ಕೆಲಸಕ್ಕೆ ಒಂದೆರಡು ವಾರ ಹಿಡಿಯುತ್ತದೆ. ದೊಡ್ಡವರು ಅಷ್ಟು ದಿನ ತಡೆದುಕೊಳ್ಳುತ್ತಾರೆ. ನಾಯಿಕೆಮ್ಮು ಎಳೆಗೂಸಿಗೆ ಅಷ್ಟು ಬಿಡುವು ಕೊಡುವುದಿಲ್ಲ. ಆದ್ದರಿಂದ ಸತ್ತ ರೋಗಾಣುವನ್ನು, ಹಲ್ಲು ಕಿತ್ತ ವಿಷವನ್ನು ಮುಂಚಿತವಾಗಿ ಮೈಗೆ ತೋರಿಸಿಬಿಡುವುದು. ಅದೇ ಲಸಿಕೆ.

ಬೋಜಣ್ಣ ಇದನ್ನು ನನಗಿಂತ ಚೆನ್ನಾಗಿ ಹೇಳುತ್ತಿದ್ದರು. ಆಲೂಗಡ್ಡೆ ಹೊಲಕ್ಕೆ ಕಾಡುಹಂದಿ ಕಾಟ ಇದ್ದ ಹಟ್ಟಿ ಅದು. ನಾಯಿಮರಿ ತಂದರೆ ಮೊದಲು ಅದಕ್ಕೆ ಹಳೇ ಹಂದಿಯ ತೊಗಲನ್ನು ಮೂಸಿಸುತ್ತಿದ್ದರು. ಒಂದು ಸಲ ಮೂಸಿದ ಮರಿ ಮರೆಯುತ್ತದೆ, ಬಿಟ್ಟು ಬಿಟ್ಟು ಎರಡು ಮೂರು ಸಲ ಮೂಸಿಸಿದರೆ ಜನ್ಮಕ್ಕೂ ಮರೆಯುವುದಿಲ್ಲ, ಹಂದಿ ಬೇಲಿಯ ಆಚೆ ಇದ್ದಾಗಲೇ ಬೊಗಳುತ್ತದೆ. ಅದಕ್ಕೇ ಮೂರು ಸೂಜಿ, ಜ್ವರ ಬಂದರೆ ಮರಿ ಬೊಗಳುವುದನ್ನು ಕಲಿಯುತ್ತಿದೆ ಅಂತ ತಿಳಿಯಿರಿ ಎಂದು ಬೋಜಣ್ಣ ಅಂಗಳದಲ್ಲಿ ನಿಂತು ಗಂಟಲು ಹರಿಯುವಂತೆ ಹೇಳುತ್ತಿದ್ದರು. ಕೆಳಗಿನ ಸಾಲಿನವರು ತಲೆದೂಗುತ್ತಿದ್ದರು. ಮೇಲಿನ ಸಾಲು ಜಪ್ಪಯ್ಯ ಅನ್ನಲಿಲ್ಲ.

ರಾಜಿಗೆ ನವೆಂಬರಿನಲ್ಲಿ ಗಂಡುಮಗು ಆಯಿತು. ಡಿಸೆಂಬರ್ ಕೊನೆಯಲ್ಲಿ ಹೆತ್ತೆ ತವರಿನ ಹಟ್ಟಿಗೆ ಒಂದು ಸಾವಿಗೆ ಹೋದಳು. ಬಡಗರಲ್ಲಿ ಸಾವೆಂದರೆ ಹತ್ತು ಹಟ್ಟಿಯ ನೆಂಟರು ಸೇರುತ್ತಾರೆ, ಮಕ್ಕಳುಮರಿ ಎಲ್ಲ ಬರುತ್ತಾರೆ. ಅಲ್ಲಿ ಯಾರದೋ ಬೆನ್ನ ಮೇಲಿದ್ದ ಮಗು ಕೆಮ್ಮಿದ್ದು ಅವಳ ಕಿವಿಗೆ ಬಿತ್ತು. ಆ ಕೆಮ್ಮಿನ ಕೊನೆಯಲ್ಲಿ ಗಾಳಿ ಒಳಗೆಳೆದುಕೊಳ್ಳುವಾಗ ಬರುವ ಊಳಿಡುವಂಥ ಸದ್ದನ್ನು ಒಮ್ಮೆ ಕೇಳಿದವರು ಮರೆಯುವುದಿಲ್ಲ. ಹೆತ್ತೆ ಅನ್ನ ಮುಟ್ಟದೆ ಎದ್ದು ನಡೆದುಕೊಂಡೇ ಮನೆಗೆ ಬಂದಳಂತೆ. ಎರಡು ದಿನ ಕೂಸನ್ನು ಮಡಿಲಿನಿಂದ ಇಳಿಸಲಿಲ್ಲ. ಮೂರನೆಯ ದಿನ ಬೋಜಣ್ಣನ ಮನೆಗೆ ಹೋಗಿ, ನರ್ಸು ಬರುವುದು ಯಾವಾಗ ಎಂದು ಕೇಳಿದಳು. ಬೋಜಣ್ಣ ಕೂಕಲ್ತೊರೈಗೆ ಓಡಿಹೋಗಿ ಆಸ್ಪತ್ರೆಗೆ ಫೋನ್ ಮಾಡಿದರು. ಅವರ ದನಿಯಲ್ಲಿದ್ದ ಸಂಭ್ರಮ ನನಗೆ ಈಗಲೂ ಕೇಳಿಸುತ್ತದೆ. ಮೇಲಿನ ಸಾಲು ಪೂರ್ತಿ ಬರುತ್ತದೆ, ಹೆಚ್ಚು ಮದ್ದು ಕಳಿಸಿ ಅಂದರು.

ನಮ್ಮ ಆಸ್ಪತ್ರೆಯ ಪದ್ಧತಿ ಏನೆಂದರೆ, ದೂರದ ಹಟ್ಟಿಗೆ ಲಸಿಕೆ ಪೆಟ್ಟಿಗೆ ಹಿಂದಿನ ಸಂಜೆಯ ಬಸ್ಸಿನಲ್ಲೇ ಹೋಗಿ ಹಟ್ಟಿಯ ನಂಬಿಕಸ್ಥರ ಮನೆಯಲ್ಲಿ ಇರುತ್ತಿತ್ತು. ಐಸ್ ಪ್ಯಾಕುಗಳ ನಡುವೆ ಸೀಸೆಗಳನ್ನು ಇಟ್ಟು ಮುಚ್ಚಿದ ದಪ್ಪ ಗೋಡೆಯ ಪೆಟ್ಟಿಗೆ ಅದು, ಒಂದು ದಿನಕ್ಕೆ ಏನೂ ಆಗುವುದಿಲ್ಲ. ನರ್ಸು ಬೆಳಗಿನ ಮೊದಲ ಬಸ್ಸಿಗೆ ಹೋಗುವುದು. ಮಳೆಗಾಲದುದ್ದಕ್ಕೂ ಹೀಗೇ ನಡೆದಿತ್ತು. ಆ ಸಂಜೆಯೂ ಪೆಟ್ಟಿಗೆ ಬೋಜಣ್ಣನ ಮನೆ ಸೇರಿತು.

ಬೆಳಿಗ್ಗೆ ನಾನು ಬಸ್ಸಿಳಿದಾಗ ತಗ್ಗಿನ ಹೊಲವೆಲ್ಲ ಬೆಳ್ಳಗಿತ್ತು. ಆ ವರ್ಷದ ಮೊದಲ ದೊಡ್ಡ ಹಿಮ. ಅಲ್ಲಿಯವರು ಅದನ್ನು ಪನಿ ಅನ್ನುತ್ತಾರೆ. ಟೀ ಚಿಗುರು ಸುಟ್ಟುಹೋಗಿತ್ತು, ಕೀಳಲು ಎಲೆಯಿಲ್ಲದೆ ಹೆಂಗಸರೆಲ್ಲ ಮನೆಯಲ್ಲೇ ಉಳಿದಿದ್ದರು. ಅದೂ ಒಂದು ಅದೃಷ್ಟವೇ ಅಂದುಕೊಂಡೆ. ಶಾಲೆಯ ಜಗುಲಿಯಲ್ಲಿ ಬಿಸಿಲು ಬೀಳುವ ಕಡೆ ತಾಯಂದಿರು ಮಕ್ಕಳನ್ನು ಕಟ್ಟಿಕೊಂಡು ಕೂತಿದ್ದರು. ಮೇಲಿನ ಸಾಲಿನ ಒಂದು ಮನೆಯೂ ತಪ್ಪಿರಲಿಲ್ಲ. ಮೆಟ್ಟಿಲ ಮೇಲೆ ಮಾದಿ ಹೆತ್ತೆ, ಅವಳ ಮಡಿಲಲ್ಲಿ ಕಂಬಳಿಯೊಳಗೆ ಆ ಗಂಡುಕೂಸು, ಪಕ್ಕದಲ್ಲಿ ರಾಜಿ. ನನ್ನ ಕಾಲು ನೆಲದ ಮೇಲಿರಲಿಲ್ಲ.

ಬೋಜಣ್ಣ ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟರು. ಸೈನ್ಯದ ಹಳೇ ಕೋಟು ಹಾಕಿ, ಮೀಸೆ ತಿದ್ದಿಕೊಂಡು ಬಂದಿದ್ದರು. ಇಟ್ಟವರೇ ಹೆಮ್ಮೆಯಿಂದ ಹೇಳಿದರು.

"ನರ್ಸಕ್ಕ, ಇಂದು ನಿನ್ನ ಐಸಿನ ಕೆಲಸ ಇಲ್ಲೆ. ಎನ್ನ ಮನೆಯ ಒಲೆ ಇರುಳೆಲ್ಲ ಉರಿವುದು, ಐಸು ಕರಗಿದರೆ ಎಂದು ಎನಗ ದಿಗಿಲಾತು. ಸೀಸೆಯೆಲ್ಲ ಹಿತ್ತಾಳೆ ತಟ್ಟೆಗೆ ಹಾಕಿ ಹುಲ್ಲ ಮೇಲೆ ಇಟ್ಟೆ. ಪನಿ ಬಿದ್ದು ಕಲ್ಲಾಗಿತ್ತು. ಬಿಸಿಲು ಬರುವ ಮುಂಚೆ ತಿರುಗಿ ಒಳಗ ಇಟ್ಟೆ."

ಬಯಲುಸೀಮೆಯಲ್ಲಿ ಯಾರೂ ಈ ತಪ್ಪು ಮಾಡಲಾರರು, ಮಾಡಬೇಕೆಂದರೂ ಆಗದು. ಅಲ್ಲಿ ನಮ್ಮ ಹೆದರಿಕೆಯೆಲ್ಲ ಬಿಸಿಲಿನದು. ಲಸಿಕೆ ತಣ್ಣಗಿರಬೇಕು, ತಣ್ಣಗಿರಬೇಕು ಎಂದು ನಾವೇ ಊರೂರಲ್ಲಿ ಹೇಳಿದ್ದೆವು. ಎಷ್ಟು ತಣ್ಣಗೆ ಅಂತ ಆ ಬೆಟ್ಟದಲ್ಲಿ ಯಾರೂ ಹೇಳಿರಲಿಲ್ಲ. ಪೋಲಿಯೊ ಹನಿ ಗಡ್ಡೆಕಟ್ಟಿದರೂ ಕೆಡುವುದಿಲ್ಲ. ಆದರೆ ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ಮೂರಕ್ಕೂ ಸೇರಿಸಿ ಕೊಡುವ ಆ ಚುಚ್ಚುಮದ್ದು ಗಡ್ಡೆಕಟ್ಟಿದರೆ ಮುಗಿಯಿತು. ಅದರೊಳಗೆ ಮದ್ದನ್ನು ಹಿಡಿದಿಟ್ಟುಕೊಂಡ ನುಣ್ಣನೆಯ ಪುಡಿಯೊಂದಿದೆ. ಹಿಮಕ್ಕೆ ಅದು ಒಡೆದು ಗಂಟುಗಂಟಾಗುತ್ತದೆ. ಕರಗಿದ ಮೇಲೆ ನೋಡಲು ಮೊದಲಿನಂತೆಯೇ ಕಾಣುತ್ತದೆ. ಚುಚ್ಚಿದರೆ ಮಗು ಅಳುತ್ತದೆ, ತೊಡೆ ಊದುತ್ತದೆ, ರೋಗ ತಡೆಯುವ ಶಕ್ತಿ ಮಾತ್ರ ನಂಬುವಷ್ಟು ಉಳಿದಿರುವುದಿಲ್ಲ.

ಅಷ್ಟರಲ್ಲಿ ಕರಗಿದ್ದ ಸೀಸೆಗಳನ್ನು ನಾನು ಒಂದೊಂದಾಗಿ ತೆಗೆದು ಜೋರಾಗಿ ಕುಲುಕಿ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದೆ. ತರಬೇತಿಯಲ್ಲಿ ಕಲಿಸಿದ ಪರೀಕ್ಷೆ. ಕೆಡದ ಮದ್ದು ಮಜ್ಜಿಗೆಯ ನೀರಿನಂತೆ ಬಹಳ ಹೊತ್ತು ಬೆಳ್ಳಗೇ ಇರುತ್ತದೆ. ಇವುಗಳಲ್ಲಿ ನೋಡನೋಡುತ್ತಲೇ ಬಿಳಿಯ ಚೂರುಗಳು ಇಳಿದು ತಳ ಸೇರಿದವು, ಮೇಲೆ ತಿಳಿನೀರು ನಿಂತಿತು. ಎಲ್ಲವೂ ಹಾಗೇ. ಬೋಜಣ್ಣನಿಗೆ ನನ್ನ ಮುಖದಿಂದಲೇ ಏನೋ ತಿಳಿದಿರಬೇಕು, ಮೇಜಿನ ಹತ್ತಿರ ಬಂದು ಬಗ್ಗಿ ಸೀಸೆಗಳನ್ನೇ ನೋಡುತ್ತಿದ್ದರು.

ಆ ಕ್ಷಣ ನನ್ನ ಮನಸ್ಸಿಗೆ ಬಂದದ್ದನ್ನು ಮುಚ್ಚಿಡುವುದೇಕೆ? ಕೈಗೆ ಬಂದ ತುತ್ತು. ಇಷ್ಟು ತಿಂಗಳು ಹತ್ತಿ ಇಳಿದ ಮೇಲೆ ಮೇಲಿನ ಸಾಲು ತಾನಾಗಿ ಇಳಿದು ಬಂದಿದೆ. ಮದ್ದು ಕೆಟ್ಟಿದೆ ಅಂದರೆ ಇವರು ಇನ್ನೊಮ್ಮೆ ಬರುತ್ತಾರೆಯೇ? ಏನೋ ನೆಪ ಹೇಳಿ, ಸರ್ಕಾರದಿಂದ ಬಂದಿಲ್ಲ ಅಂತಲೋ ಡಾಕ್ಟರು ಬೇಡ ಅಂದರು ಅಂತಲೋ ಹೇಳಿ ಕಳಿಸಿದರೆ ಬೋಜಣ್ಣನ ಮಾನವೂ ಉಳಿಯುತ್ತದೆ. ಆದರೆ ಆ ಹಟ್ಟಿಯಲ್ಲಿ ಲಸಿಕೆಯನ್ನು ಕೊಂದದ್ದು ಒಂದು ತಪ್ಪು ಮಾತು. ಅದರ ಮೇಲೆ ನಾನು ಇನ್ನೊಂದನ್ನು ಪೇರಿಸುವವಳಲ್ಲ ಎಂದು ನಿರ್ಧರಿಸಿದೆ. ಎದ್ದು ನಿಂತು ಹೇಳಿದೆ. ಹಿಮ ತಾಗಿ ಮದ್ದು ಕೆಟ್ಟಿದೆ, ಇದನ್ನು ಯಾವ ಮಗುವಿಗೂ ಚುಚ್ಚುವುದಿಲ್ಲ, ಬಾಯಿಗೆ ಹಾಕುವ ಹನಿ ಸರಿಯಿದೆ, ಅದನ್ನು ಈಗಲೇ ಹಾಕುತ್ತೇನೆ, ಹೊಸ ಮದ್ದನ್ನು ಊಟಿಯಿಂದ ಇವತ್ತೇ ತರುತ್ತೇನೆ. ಯಾರು ಕೆಡಿಸಿದರು ಅಂತ ನಾನು ಹೇಳಲಿಲ್ಲ. ಬೋಜಣ್ಣ ತಾವೇ ಹೆಂಗಸರ ಕಡೆ ತಿರುಗಿ, ನಾ ಕೆಡಿಸಿದೆ, ನರ್ಸಕ್ಕನದು ತಪ್ಪಿಲ್ಲೆ ಅಂದರು. ಅಷ್ಟು ದೊಡ್ಡ ಗಂಟಲಿನ ಮನುಷ್ಯ ಅಷ್ಟು ಸಣ್ಣಗೆ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಒಬ್ಬಳು ಯುವತಿ, ಒಂದು ಕೆಟ್ಟರೆ ಇನ್ನೊಂದು ಹೇಗೆ ಕೆಡಲಿಲ್ಲ ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ನಾನು ಬಾಯಿ ತೆರೆಯುವ ಮುಂಚೆ ಮಾದಿ ಹೆತ್ತೆಯೇ ಕೆಳಗಿನ ಹೊಲದ ಕಡೆ ಗದ್ದದಿಂದ ಸನ್ನೆ ಮಾಡಿದಳು. ಅಲ್ಲಿ ಆಲೂಗಡ್ಡೆ ಗಿಡ ಕಪ್ಪಗೆ ಮಕಾಡೆ ಬಿದ್ದಿತ್ತು, ಪಕ್ಕದ ಪಾತಿಯ ಕೋಸು ಏನೂ ಆಗದಂತೆ ಕೂತಿತ್ತು. ಯುವತಿ ತಲೆದೂಗಿದಳು. ಆಮೇಲೆ ಹೆತ್ತೆ ನನ್ನ ಕಡೆ ತಿರುಗಿದಳು. ಅವಳು ಕೇಳುವುದು ಏನೆಂದು ನನಗೆ ಮೊದಲೇ ಗೊತ್ತಾಯಿತು.

"ಹೋದ ವರುಷ ಎನ್ನ ಕೂಸಿಗೆ ಹಾಕಿದ್ದು ಇಂತ ಮದ್ದೇಯಾ?"

"ಅಲ್ಲ ಹೆತ್ತೆ," ಅಂದೆ. "ಅದು ಮಳೆಗಾಲ, ಆಗ ಹಿಮ ಇರಲಿಲ್ಲ. ಮದ್ದು ಸರಿಯಿತ್ತು. ಆದರೆ ಕೆಮ್ಮು ಕೂಸಿನ ಒಳಗೆ ಆಗಲೇ ಸೇರಿತ್ತು. ಒಳಗೆ ಸೇರಿದ ಮೇಲೂ ಅದು ಒಂದು ವಾರ, ಹತ್ತು ದಿನ ಕಾಣಿಸಿಕೊಳ್ಳುವುದಿಲ್ಲ. ಸೂಜಿ ಹಾಕಿದಾಗ ಮಗುವಿನ ಮೈಗೆ ಕಲಿಯೋದಕ್ಕೆ ಹೊತ್ತೇ ಇರಲಿಲ್ಲ."

"ಯಾರು ತಂದ ಕೆಮ್ಮು?"

ಇದಕ್ಕೆ ಉತ್ತರ ಹೇಳುವುದು ಕಷ್ಟವಾಗಿತ್ತು. ಆದರೂ ಹೇಳಿದೆ. ಎಳೆಗೂಸು ಎಲ್ಲಿಗೂ ಹೋಗುವುದಿಲ್ಲ, ಅದರ ಹತ್ತಿರ ಬರುವವರು ತರುತ್ತಾರೆ. ಅಕ್ಕಪಕ್ಕದ ಮನೆಯ, ಓಡಾಡುವ ಮಕ್ಕಳೆಲ್ಲ ಲಸಿಕೆ ಹಾಕಿಸಿಕೊಂಡಿದ್ದರೆ ಕೆಮ್ಮಿಗೆ ಕೂಸಿನವರೆಗೆ ಬರಲು ದಾರಿ ಸಿಗುವುದು ಕಷ್ಟ. ಈ ಸಾಲಿನಲ್ಲಿ ಹೋದ ವರ್ಷವೂ ಅರ್ಧಕ್ಕರ್ಧ ಮಕ್ಕಳಿಗೆ ಆಗಿರಲಿಲ್ಲ, ಈ ವರ್ಷ ಒಬ್ಬರಿಗೂ ಆಗಿಲ್ಲ. ಯಾಕೆ ಆಗಿಲ್ಲ ಎಂದು ನಾನು ಹೇಳಲಿಲ್ಲ. ಅವಳು ಕೂಸಿನ ಕಂಬಳಿಯನ್ನು ಸರಿಮಾಡಿ, ಇನ್ನೂ ಬಿಗಿಯಾಗಿ ಸುತ್ತಿದಳು.

ಹನಿ ಹಾಕಿ ಮುಗಿಸಿ, ಕ್ಯಾರೆಟ್ ಮೂಟೆ ಹೊತ್ತು ಹೊರಟಿದ್ದ ವ್ಯಾನಿನಲ್ಲಿ ಕೋತಗಿರಿಗೆ ಹೋದೆ. ಬೋಜಣ್ಣ ಹೇಳದೆ ಕೇಳದೆ ಹಿಂದೆ ಮೂಟೆಗಳ ಮೇಲೆ ಹತ್ತಿ ಕೂತರು. ನಮ್ಮ ಆಸ್ಪತ್ರೆಯಲ್ಲಿ ಆ ಮದ್ದು ಮುಗಿದಿತ್ತು. ಡಾಕ್ಟರಮ್ಮ ಊಟಿಯ ಉಗ್ರಾಣಕ್ಕೆ ಫೋನ್ ಮಾಡಿ ಒಪ್ಪಿಸಿ, ಕೈಗೊಂದು ಚೀಟಿ ಕೊಟ್ಟು, ಹೋಗು ಅಂದರು. ಊಟಿ ಬಸ್ಸು ದೊಡ್ಡಬೆಟ್ಟದ ಬುಡ ಸುತ್ತಿಕೊಂಡು ಹೋಗುವಾಗ, ನೆರಳಿನ ತಿರುವುಗಳಲ್ಲಿ ಮಧ್ಯಾಹ್ನದಲ್ಲೂ ಹಿಮ ಕರಗದೆ ಉಳಿದಿತ್ತು. ಬೋಜಣ್ಣ ಅದನ್ನು ನೋಡಲಾರದೆ ಮುಖ ಆಚೆ ತಿರುಗಿಸಿದರು. ಅವರ ಮೇಲೆ ನನಗೆ ಬೆಳಿಗ್ಗೆ ಬಂದಿದ್ದ ಕೋಪ ಆಗ ಪೂರ್ತಿ ಇಳಿಯಿತು. ಪ್ರೀತಿಯಿಂದ ಮಾಡಿದ ತಪ್ಪಿಗೆ ಎಷ್ಟು ಹೊತ್ತು ಕೋಪ ಮಾಡಲು ಸಾಧ್ಯ? ಹಿಮದ ಮೇಲಿನ ಕೋಪ ಮಾತ್ರ ಉಳಿದುಕೊಂಡಿತು, ಅದು ಈಗಲೂ ಇದೆ.

ಉಗ್ರಾಣದವರು ಊಟಕ್ಕೆ ಹೊರಟಿದ್ದರು, ಆಮೇಲೆ ಬಾ ಅಂದರು. ನಾನು ಬಾಗಿಲಿಗೆ ಅಡ್ಡ ನಿಂತೆ. ನನ್ನ ತಮಿಳಿನಲ್ಲಿ ಬೇಡುವುದೂ ಬೈಯುವುದೂ ಒಂದೇ ರೀತಿ ಕೇಳಿಸುತ್ತಿತ್ತು, ಅವರು ಯಾವುದೆಂದು ತಿಳಿದರೋ, ಬೀಗ ತೆಗೆದರು. ಐಸ್ ಪ್ಯಾಕುಗಳನ್ನು ನೇರವಾಗಿ ಪೆಟ್ಟಿಗೆಗೆ ಹಾಕಲು ಹೊರಟವರನ್ನು ತಡೆದು, ಅವು ಬೆವರಿ, ಅಲ್ಲಾಡಿಸಿದರೆ ಒಳಗೆ ನೀರಿನ ಸದ್ದು ಕೇಳಿಸುವವರೆಗೆ ಹೊರಗಿಟ್ಟು ಕಾಯಿಸಿದೆ. ಅಷ್ಟು ಮಾಡಿದರೆ ಸೀಸೆ ತಣ್ಣಗಿರುತ್ತದೆ, ಗಡ್ಡೆಕಟ್ಟುವುದಿಲ್ಲ. ಬರುವಾಗ ಬಸ್ಸಿನಲ್ಲಿ ಪೆಟ್ಟಿಗೆ ಬೋಜಣ್ಣನ ತೊಡೆಯ ಮೇಲಿತ್ತು, ಅದರ ಸುತ್ತ ಅವರ ಕೋಟು. ಅವರು ಅಂಗಿಯಲ್ಲೇ ನಡುಗುತ್ತ ಕೂತಿದ್ದರು. ಕೋಟು ಹಾಕಿಕೊಳ್ಳಿ, ಪೆಟ್ಟಿಗೆಗೆ ಅದು ಬೇಕಿಲ್ಲ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ.

ಹಟ್ಟಿಗೆ ಬಂದಾಗ ಬಿಸಿಲು ಎದುರಿನ ದಿಣ್ಣೆಯ ನೆತ್ತಿಯಲ್ಲಿ ಮಾತ್ರ ಉಳಿದಿತ್ತು. ಜಗುಲಿ ಖಾಲಿ. ಎಲ್ಲರೂ ಒಲೆ ಹಚ್ಚಲು ಮನೆಗೆ ಹೋಗಿದ್ದರು. ಮೆಟ್ಟಿಲ ಮೇಲೆ ಮಾದಿ ಹೆತ್ತೆ ಮಾತ್ರ, ಬೆಳಿಗ್ಗೆ ಕೂತ ಜಾಗದಲ್ಲೇ ಕೂತಿದ್ದಳು. ರಾಜಿ ಅಲ್ಲಿಯೇ ಕೂಸಿಗೆ ಹಾಲೂಡಿಸಿ, ಅತ್ತೆಗೆ ಗಂಜಿ ತಂದುಕೊಟ್ಟಿದ್ದಳಂತೆ. ಇಷ್ಟು ಚಳಿಯಲ್ಲಿ ಯಾಕೆ ಕೂತೆ, ಮನೆಗೆ ಹೋಗಬಾರದಿತ್ತೇ ಎಂದು ಕೇಳಿದೆ.

"ಮನೆಗ ಹೋದರೆ ಎನ್ನ ಮನಸ್ಸು ತಿರುಗುವುದು," ಅಂದಳು. "ಅದಕ್ಕೇ ಕುಳಿತೆ."

ಅಂಥ ಮಾತಿನ ಮುಂದೆ ನನ್ನ ಹಟ ಯಾವ ಲೆಕ್ಕ? ಸೀಸೆ ಕುಲುಕಿ ಮೇಜಿನ ಮೇಲಿಟ್ಟೆ, ಬೆಳ್ಳಗೇ ನಿಂತಿತು. ಮೊದಲ ಸೂಜಿ ಅವಳ ಮೊಮ್ಮಗನಿಗೇ ಹಾಕಿದೆ. ಕೂಸು ಹಟ್ಟಿಗೆಲ್ಲ ಕೇಳುವಂತೆ ಕಿರುಚಿತು. ಆ ಅಳು ಕೇಳಿಯೇ ಉಳಿದ ಬಾಗಿಲುಗಳು ತೆರೆದವು, ಒಬ್ಬೊಬ್ಬರಾಗಿ ತಾಯಂದಿರು ಇಳಿದು ಬಂದರು. ದೀಪ ಹಚ್ಚುವ ಹೊತ್ತಿಗೆ ಮೇಲಿನ ಸಾಲು ಮುಗಿದಿತ್ತು.

ಒಂದು ಸೂಜಿಗೆ ಕೋಟೆ ಕಟ್ಟಿದಂತಾಗಲಿಲ್ಲ ಎಂದು ನಾನು ಅವತ್ತೇ ಹೇಳಿದ್ದೆ. ಕೆಲವೇ ದಿನದಲ್ಲಿ ಹಬ್ಬ ಇತ್ತು, ಹತ್ತಾರು ಹಟ್ಟಿಯವರು ಬಿಳಿಬಟ್ಟೆ ಉಟ್ಟು ಸೇರುವ ಹಬ್ಬ. ಎಳೆಗೂಸುಗಳನ್ನು ಹಿರಿಯರ ಆಶೀರ್ವಾದಕ್ಕೆ ಕರೆದೊಯ್ಯುವುದು ವಾಡಿಕೆ. ಹೆತ್ತೆ ಆ ವರ್ಷ ತಾನೂ ಹೋಗಲಿಲ್ಲ, ಸೊಸೆಯನ್ನೂ ಕಳಿಸಲಿಲ್ಲ. ಹಬ್ಬಕ್ಕೆ ಹೋಗಿ ಬಂದ ನೆಂಟರ ಮಕ್ಕಳು ಕೂಸನ್ನು ಎತ್ತಿಕೊಳ್ಳಲು ಬಂದರೆ ಬಾಗಿಲಲ್ಲೇ ತಡೆದು, ಸಿಹಿ ಕೊಟ್ಟು ವಾಪಸು ಕಳಿಸಿದಳು. ಜನ ಮೂಗು ಮುರಿದರು. ಅವಳು ಅಲುಗಲಿಲ್ಲ.

ಫೆಬ್ರವರಿಯಲ್ಲಿ ಕೆಮ್ಮು ಹಟ್ಟಿಗೆ ಬಂದೇ ಬಂತು. ಕೆಳಗಿನ ಸಾಲಿನ ಕೊನೆಯ ಮನೆಗೆ ಬೇರೆ ಊರಿನಿಂದ ಬಂದಿದ್ದ ಶಾಲೆಗೆ ಹೋಗುವ ವಯಸ್ಸಿನ ಒಬ್ಬ ಹುಡುಗನಿಗೆ, ಆಮೇಲೆ ಲಸಿಕೆ ಪೂರ್ತಿಯಾಗದ ಇನ್ನಿಬ್ಬರಿಗೆ. ಡಾಕ್ಟರಮ್ಮ ಬಂದು ಮಾತ್ರೆ ಕೊಟ್ಟು, ಆ ಮನೆಯವರು ಬೇರೆಯವರೊಂದಿಗೆ ಬೆರೆಯದಂತೆ ಮಾಡಿದರು. ನಾನು ವಾರಕ್ಕೊಮ್ಮೆ ಹೋಗುವುದನ್ನು ಬಿಟ್ಟು ದಿನ ಬಿಟ್ಟು ದಿನ ಹೋಗತೊಡಗಿದೆ. ಒಂದು ಬೆಳಿಗ್ಗೆ ಮೇಲಿನ ಸಾಲಿಗೆ ಹತ್ತುತ್ತಿದ್ದಾಗ ರಾಜಿ ಎದುರಿಗೆ ಓಡಿಬಂದಳು, ಕೂಸು ಕೆಮ್ಮುತ್ತಿದೆ ಅಂದಳು. ಒಳಗೆ ಹೋದರೆ ಮನೆಯವರೆಲ್ಲ ಎಲ್ಲಿದ್ದರೋ ಅಲ್ಲೇ ನಿಂತಿದ್ದರು. ಹೆತ್ತೆ ಕೂಸನ್ನು ಎದೆಗೊತ್ತಿಕೊಂಡು ಅದರ ಬಾಯನ್ನೇ ನೋಡುತ್ತಿದ್ದಳು. ನಾನು ಕೂತು ಕಾದೆ. ಕೂಸು ಕೆಮ್ಮಿತು, ಸೀನಿತು, ಮೂಗಿನಿಂದ ನೀರು ಸುರಿಯಿತು, ಹಾಲು ಕುಡಿಯಿತು, ನಿದ್ದೆ ಹೋಯಿತು. ಮತ್ತೆ ಎದ್ದಾಗಲೂ ಅಷ್ಟೇ. ಬರೀ ನೆಗಡಿ. ಡಾಕ್ಟರಮ್ಮನೂ ಬಂದು ನೋಡಿ ಅದೇ ಅಂದ ಮೇಲೆ ಹೆತ್ತೆ ಒಲೆಯ ಹತ್ತಿರ ಹೋಗಿ, ಗೋಡೆಗೆ ಮುಖ ಮಾಡಿ ಅತ್ತಳು. ನಾನೂ ಅತ್ತೆ, ನಾಚಿಕೆಯೇನಿಲ್ಲ.

ಆ ಹಟ್ಟಿಯಲ್ಲಿ ಕೆಮ್ಮು ಮೂರು ಮಕ್ಕಳಿಗೇ ನಿಂತಿತು. ಆದರೆ ಹೆತ್ತೆಯ ತವರಾದ ಪಕ್ಕದ ಹಟ್ಟಿಯಲ್ಲಿ ಅದು ಮನೆಯಿಂದ ಮನೆಗೆ ನಡೆಯುತ್ತಿತ್ತು. ಅಲ್ಲಿಗೆ ನಾನು ಎರಡು ಸಲ ಹೋಗಿ ಬರಿಗೈಲಿ ಬಂದಿದ್ದೆ. ಮಾದಿ ಹೆತ್ತೆ ಬೇಡ ಅಂದಿದ್ದಾಳೆ, ಅವಳ ಕೂಸನ್ನೇ ಸೂಜಿ ಕೊಂದಿಲ್ಲವೇ ಎಂದು ಪ್ರತಿ ಬಾಗಿಲಲ್ಲೂ ಕೇಳಿದರು. ಹೋದ ವರ್ಷ ಬಿಟ್ಟ ಮಾತು ಅಲ್ಲಿ ಇನ್ನೂ ಹಾಗೇ ಕೂತಿತ್ತು. ಮಾರ್ಚಿನ ಮೊದಲ ವಾರ, ಮೊಮ್ಮಗನಿಗೆ ಎರಡನೆಯ ಸೂಜಿ ಹಾಕಿಸಿ ಕೆಲವು ದಿನ ಆಗಿತ್ತು, ಇದನ್ನು ಅವಳಿಗೆ ಹೇಳಿದೆ. ಬಾ ಎಂದು ಕರೆಯಲಿಲ್ಲ. ಕರೆಯಲು ನನಗೆ ಧೈರ್ಯವಿರಲಿಲ್ಲ. ಅವಳು ಟೀ ಲೋಟ ಕೆಳಗಿಟ್ಟು, ತಲೆಯ ಬಟ್ಟೆ ಬಿಚ್ಚಿ ಮತ್ತೆ ಕಟ್ಟಿಕೊಂಡು, ಮೆಟ್ಟಿಲಿಳಿದಳು. ನಾನು ಪೆಟ್ಟಿಗೆ ಹೊತ್ತು ಅವಳ ಹಿಂದೆ ನಡೆದೆ. ಟೀ ಗಿಡಗಳಲ್ಲಿ ಹೊಸ ಚಿಗುರು ಬರತೊಡಗಿತ್ತು.

ಅವಳು ನೇರವಾಗಿ ಹೋದದ್ದು ಅಣ್ಣನ ಮನೆಗೆ. ಅಣ್ಣನ ಮೊಮ್ಮಗ ಎರಡು ತಿಂಗಳು ತುಂಬಿದ ಕೂಸು, ಅದರ ತಾಯಿ ಇನ್ನೂ ಹುಡುಗಿಯಂತಿದ್ದಳು. ಹೆತ್ತೆ ಬಂದದ್ದನ್ನು ಕಂಡು ಅಂಗಳದಲ್ಲಿ ಜನ ಸೇರಿತು. ನನ್ನ ಕೈಯ ಪೆಟ್ಟಿಗೆ ನೋಡಿ ಹುಡುಗಿ ಮಗುವನ್ನು ಸೆರಗಿನೊಳಕ್ಕೆ ಎಳೆದುಕೊಂಡಳು. ಹೆತ್ತೆ ಕೂರಲಿಲ್ಲ, ಕೊಟ್ಟ ನೀರು ಕುಡಿಯಲಿಲ್ಲ. ಅಂಗಳದ ನಡುವೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು.

"ಎನ್ನ ಕೂಸು ಬೆಳ್ಳಿ, ಸೂಜಿಯಲ್ಲಿ ಸತ್ತಿಲ್ಲೆ. ಕೆಮ್ಮಿನಲ್ಲಿ ಸತ್ತಳು. ಗೊತ್ತಿಲ್ಲದೆ ನಾ ತಪ್ಪು ಹೇಳಿದೆ, ನೀವು ಕೇಳಿದಿರಿ. ಈಗ ಗೊತ್ತಿದ್ದು ಹೇಳುವೆ. ಇದನೂ ಕೇಳಿ."

ಬೆಳ್ಳಿ. ಹೋದದ್ದು ಹೆಣ್ಣುಮಗು ಎಂಬುದು, ಅದಕ್ಕೊಂದು ಹೆಸರಿತ್ತೆಂಬುದು ನನಗೆ ಆವರೆಗೆ ತಿಳಿದಿರಲಿಲ್ಲ. ಹೆತ್ತೆ ಆ ಹುಡುಗಿಯ ಮುಂದೆ ಹೋಗಿ ಎರಡೂ ಕೈ ಚಾಚಿದಳು. ಹುಡುಗಿ ಸೆರಗು ಸರಿಸಿ, ಮಗುವನ್ನು ಆ ಕೈಗಳಲ್ಲಿಟ್ಟಳು. ಹೆತ್ತೆ ಜಗುಲಿಯ ಮೇಲೆ ಕೂತು, ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಅದರ ಕಾಲನ್ನು ಗಟ್ಟಿಯಾಗಿ ಹಿಡಿದು ನನ್ನ ಕಡೆ ನೋಡಿದಳು. ನಾನು ಪೆಟ್ಟಿಗೆ ತೆರೆದೆ.